ಸಾಕು ಮತ್ತು ಸಾಕ್ಕು

ಮೊನ್ನೆ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಹೊಸ ಸೆಕ್ರೆಟರಿ ಬಾಗಿಲು ತಟ್ಟಿದರು. ಚಿಕ್ಕ ವಯಸ್ಸಿನವರು, ವಿನಯವಂತರು. "ಸಾರ್, ಒರು ಸಾಕ್ಕು ಇರುಕ್ಕಾ?" ಎಂದರು. ತಮಿಳಿನಲ್ಲಿ ಸಾಕ್ಕು ಎಂದರೆ ಗೋಣಿಚೀಲ. ಜನರೇಟರ್ ಶೆಡ್ಡಿನ ಹಿಂದೆ ಬೆಕ್ಕಿನ ಮರಿಯೊಂದು ಸೇರಿಕೊಂಡಿದೆಯಂತೆ, ಹೋಗಿಬರುವವರ ಕಾಲಿಗೆ ತೊಡರುತ್ತಿದೆಯಂತೆ, ಎಲ್ಲಾದರೂ ದೂರ ಬಿಟ್ಟು ಬರಬೇಕಂತೆ. ಇರಿ, ನೋಡುತ್ತೇನೆ ಎಂದು ಸ್ಟೂಲು ಹತ್ತಿ ಅಟ್ಟದ ಮೂಲೆಯಲ್ಲಿದ್ದ ಹಳೆಯ ಗೋಣಿಯನ್ನು ಎಳೆದೆ. ಧೂಳು, ಸೆಣಬಿನ ವಾಸನೆ, ಅದರೊಳಗೆಲ್ಲೋ ಈರುಳ್ಳಿಯ ಘಾಟು. ಇಷ್ಟು ವರ್ಷವಾದ ಮೇಲೆ ಘಾಟು ಉಳಿದಿರಲು ಸಾಧ್ಯವಿಲ್ಲ, ಅದು ನನ್ನ ಮೂಗಿನ ಕಲ್ಪನೆಯೇ ಇರಬೇಕು. ಆದರೂ ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. ನನ್ನ ವಯಸ್ಸಿನವರು ಸ್ಟೂಲಿನ ಮೇಲೆ ನಿಂತು ನೆನಪು ಮಾಡಿಕೊಳ್ಳಬಾರದು. ಆದರೆ ನೆನಪು ಜಾಗ ನೋಡಿಕೊಂಡು ಬರುತ್ತದೆಯೇ, ನೀವೇ ಹೇಳಿ.

ಆಗ ನಾವು ಇದೇ ಮದರಾಸಿನ ಕ್ರೋಂಪೇಟೆಯಲ್ಲಿದ್ದೆವು. ಸಾವಿರದ ಒಂಬೈನೂರ ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಅಪ್ಪ ರೈಲ್ವೆಯಿಂದ ರಿಟೈರಾಗಿ ಮನೆಯಲ್ಲಿದ್ದರು. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ನಮ್ಮೆಲ್ಲರ ಮೇಲೆ ಇದ್ದರು. ಮಹಡಿಯ ಮೇಲೆ ಅಂತಲ್ಲ, ಅಧಿಕಾರದಲ್ಲಿ. ನನಗೆ ಬರುವ ಕನ್ನಡವೆಲ್ಲ ಅತ್ತೆಯ ಬಾಯಿಂದ ಉದುರಿದ್ದನ್ನು ಆರಿಸಿಕೊಂಡದ್ದು. ಅವರು ಹುಟ್ಟಿದ್ದು ಬೆಳೆದದ್ದು ತಿರುವಲ್ಲಿಕ್ಕೇಣಿಯಲ್ಲಾದರೂ ಅವರ ಕನ್ನಡ ಹಾಸನದ ಕಡೆಯ ಅವರಜ್ಜಿಯದು, ಒಂದಕ್ಷರ ಮಾಸದೆ ಬಂದದ್ದು. ತಮಿಳೂ ಚೆನ್ನಾಗಿಯೇ ಬರುತ್ತಿತ್ತು. ತರಕಾರಿಯವನ ಹತ್ತಿರ ಜಗಳಕ್ಕೆ ನಿಂತರೆ ಅಪ್ಪಟ ಮದರಾಸು ತಮಿಳು. ಆದರೆ ಮಾತಿಗೆ ಪ್ರೀತಿ ಬಂತೆಂದರೆ ಆ ತಮಿಳಿನ ನಡುವೆ ಅವರಿಗೇ ತಿಳಿಯದಂತೆ ಕನ್ನಡ ನುಸುಳುತ್ತಿತ್ತು, ಟಿಕೆಟ್ಟಿಲ್ಲದೆ ಎಲೆಕ್ಟ್ರಿಕ್ ಟ್ರೈನು ಹತ್ತಿದವರ ಹಾಗೆ.

ನಮ್ಮ ಹಿಂದಿನ ಬಾಲ್ಕನಿಯಲ್ಲಿ, ಹಳೆಯ ಕೂಲರಿನ ಕೆಳಗೆ, ಬೀದಿಯ ಬೆಕ್ಕೊಂದು ಮರಿ ಹಾಕಿತು. ಉಳಿದ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಗಿ ಇದೊಂದನ್ನು ಮಾತ್ರ ಬಿಟ್ಟಿತು. ಮರೆತಿತೋ, ಅತ್ತೆಯನ್ನು ನೋಡಿ ನಂಬಿಕೆ ಬಂತೋ ಗೊತ್ತಿಲ್ಲ. ಬೂದುಬಣ್ಣದ ಮೈ, ಎದೆಯಲ್ಲಿ ಬಿಳಿ, ಒಂದು ಕಿವಿಯ ತುದಿ ಸ್ವಲ್ಪ ಮಡಚಿತ್ತು. ಅತ್ತೆ ಬತ್ತಿಯಲ್ಲಿ ಹಾಲು ಹಿಂಡಿ ಕುಡಿಸಿದರು, ಆಮೇಲೆ ಅನ್ನ ನುರಿದು ಇಟ್ಟರು. ಏಕಾದಶಿಯ ದಿನ ಮನೆಯಲ್ಲಿ ಯಾರಿಗೂ ಅನ್ನವಿಲ್ಲ, ಇದಕ್ಕೆ ಮಾತ್ರ ಪ್ರತ್ಯೇಕ ಪುಟ್ಟ ಕುಕ್ಕರು ಕೂಗುತ್ತಿತ್ತು. ಅಪ್ಪ ಕೇಳಿದ್ದಕ್ಕೆ, "ಅದೇನು ಮೋಕ್ಷ ಕೇಳಿತೇನೋ ಶೀನ? ಅನ್ನ ಕೇಳ್ತು, ಹಾಕ್ದೆ" ಎಂದಿದ್ದರು.

ಹೆಸರಿಡಲಿಲ್ಲ. ಹೆಸರಿಟ್ಟರೆ ಕೊಡೋಕಾಗಲ್ಲ ಎಂಬುದು ಅತ್ತೆಯ ಸಿದ್ಧಾಂತ. ಹಾಗಾಗಿ ಬರೀ ಮರಿ. ತೊಂದರೆಯೆಂದರೆ ನನ್ನ ಮಗಳನ್ನೂ ಅತ್ತೆ ಮರಿ ಎಂದೇ ಕರೆಯುತ್ತಿದ್ದದ್ದು. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಟಣ್ ಟಣ್ ಬಡಿದು "ಬಾರೋ ಮರೀ" ಎಂದರೆ ಇಬ್ಬರೂ ಓಡಿ ಬರುತ್ತಿದ್ದರು. ಮಗಳು ಏನತ್ತೆ ಎನ್ನುವುದನ್ನು ತಮಿಳಿನಲ್ಲಿ "ಎನ್ನ ಅತ್ತೆ?" ಎನ್ನುತ್ತಿದ್ದಳು, ಬೆಕ್ಕು "ಮ್ಯಾ" ಎನ್ನುತ್ತಿತ್ತು. "ಈ ಮನೇಲಿ ಕನ್ನಡದಲ್ಲಿ ಕರೆದ್ರೆ ತಮಿಳಲ್ಲಿ ಉತ್ತರ ಕೊಡದೇ ಇರೋದು ಇದೊಂದೇ" ಎಂದು ಅತ್ತೆ ಮರಿಯ ತಲೆ ನೇವರಿಸುತ್ತಿದ್ದರು. ಮಗಳಿಗೆ ಅರ್ಥವಾಗಿ ಮುಖ ಊದುತ್ತಿತ್ತು.

ಅಷ್ಟರಲ್ಲಿ ಅಪ್ಪನ ಉಬ್ಬಸ ಶುರುವಾಯಿತು. ಮೊದಲೂ ಇದ್ದದ್ದೇ, ಈಗ ಹೆಚ್ಚಾಯಿತು. ಡಾಕ್ಟರು ಬೆಕ್ಕಿನ ಕೂದಲು ಆಗದು ಎಂದರು. ಒಂದು ದಿನ ಅಪ್ಪ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ಕೈಯೆತ್ತಿ "ಸಾಕು" ಎಂದರು.

"ನೀನೇ ಸಾಕು ಅಂದ್ಯಲ್ಲ, ಸಾಕ್ತಾ ಇದೀನಿ" ಎಂದರು ಅತ್ತೆ.

ನಮ್ಮ ಭಾಷೆಯ ಕರಾಮತ್ತು ನೋಡಿ. ಇನ್ನು ಬೇಡ ಎನ್ನುವುದಕ್ಕೂ ಸಾಕು, ಪೋಷಿಸು ಎನ್ನುವುದಕ್ಕೂ ಸಾಕು. ಅತ್ತೆ ಹಾಸ್ಯ ಮಾಡಿದರೂ ತಮ್ಮನ ಎದೆ ಗೊರಗೊರ ಎನ್ನುವುದು ಅವರಿಗೂ ಕೇಳುತ್ತಿತ್ತು. ಅಂದು ಸಂಜೆ ತಾವೇ, "ಇಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಆದ್ರೆ ಇದನ್ನ ಬಿಡೋದಲ್ಲ, ಕೊಡೋದು. ತಿಳೀತೇನೋ? ಬಿಡೋದು ಬೇರೆ, ಕೊಡೋದು ಬೇರೆ" ಎಂದರು. ನಾನು ತಲೆಯಾಡಿಸಿದೆ. ನನಗೆ ಆಗ ಎರಡಕ್ಕೂ ಅಂಥ ವ್ಯತ್ಯಾಸ ಕಂಡಿರಲಿಲ್ಲ.

ಮರುದಿನ ನಾನು ಆಫೀಸಿಗೆ ಹೊರಟಾಗ ಅತ್ತೆ ಗೇಟಿನವರೆಗೂ ಬಂದು ವಾಚ್‌ಮನ್ ಏಳುಮಲೈಯನ್ನು ಹಿಡಿದರು. ಸಾಕುವುದಕ್ಕೆ ತಮಿಳಿನಲ್ಲಿ ಬೇರೆ ಮಾತಿದೆ, ಅತ್ತೆಗೂ ಗೊತ್ತಿತ್ತು. ಆದರೆ ಪ್ರೀತಿ ಬಂದಿತ್ತಲ್ಲ. "ಏಳುಮಲೈ, ಪೂನೆಕುಟ್ಟಿಕ್ಕು ಒರು ನಲ್ಲ ಸಾಕು ಪಾರುಪ್ಪಾ" ಎಂದರು. ಬೆಕ್ಕಿನ ಮರಿಯನ್ನು ಸಾಕುವವರು ಯಾರಾದರೂ ಇದ್ದರೆ ನೋಡಪ್ಪಾ ಎಂಬ ಅರ್ಥದಲ್ಲಿ.

"ನಲ್ಲ ಸಾಕ್ಕಾ?" ಎಂದ ಏಳುಮಲೈ. "ಕೋಯಂಬೇಡುಲ ನಿರೆಯ ಕೆಡೈಕ್ಕುಮ್ಮಾ." ಕೋಯಂಬೇಡು ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತೆ ಎಂದು.

"ಪೆರಿಸಾ ಇರುಕ್ಕಣುಂ." ದೊಡ್ಡದಾಗಿರಬೇಕು.

"ಪೆರಿಸ್ಸು. ಕಾತ್ತು ನಲ್ಲಾ ಪೋಗುಂ."

ಅತ್ತೆ ನನ್ನ ಕಡೆ ತಿರುಗಿ, "ದೊಡ್ಡ ಮನೆಯಂತೆ ಕಣೋ, ಗಾಳಿ ಚೆನ್ನಾಗಿ ಆಡತ್ತಂತೆ" ಎಂದು ಸಂತೋಷಪಟ್ಟರು. ಮಾರ್ಕೆಟ್ಟಿನ ಹತ್ತಿರದ ಮನೆ, ಇಲಿ ಇರುತ್ತೆ, ಬೆಕ್ಕಿಗೆ ಬೆಲೆ ಇರುತ್ತೆ ಎಂದು ನಾನೂ ಒಂದು ಸಮರ್ಥನೆ ಸೇರಿಸಿ ಟ್ರೈನು ಹಿಡಿದೆ. ಎರಡು ಭಾಷೆ ಬಲ್ಲ ಪದವೀಧರನ ಕಿವಿಗೂ ಒಂದು ಒತ್ತಕ್ಷರ ಕೇಳಿಸಲಿಲ್ಲ.

ಭಾನುವಾರ ಅತ್ತೆ ದೇವಸ್ಥಾನದಿಂದ ಬಂದು ಮುಚ್ಚಳ ಬಡಿದರು. ಮಗಳು ಬಂದಳು. ಬೆಕ್ಕು ಬರಲಿಲ್ಲ. ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು: "ಏಳುಮಲೈ ಬಂದಿದ್ದ. ಅಕ್ಕ ಹೇಳಿದ್ದು ಸಿಕ್ತು ಅಂದ. ತಗೊಂಡು ಹೋದ."

"ಯಾವುದ್ರಲ್ಲಿ ತಗೊಂಡು ಹೋದ?"

"ಗೋಣಿಚೀಲದಲ್ಲಿ."

ಅತ್ತೆ ಚಮಚವನ್ನು ಮೇಜಿನ ಮೇಲಿಟ್ಟರು. ಗೋಣಿಚೀಲದಲ್ಲಿ ಬೆಕ್ಕು ಹೋಗುವುದು ಯಾವ ಮನೆಗೂ ಅಲ್ಲ ಎಂಬುದು ಅವರ ಕಾಲದವರಿಗೆ ವಿವರಿಸಬೇಕಾದ ವಿಷಯವಲ್ಲ. ದಾರಿ ತಿಳಿಯದಂತೆ ಬಾಯಿ ಕಟ್ಟಿ, ನೀರು ದಾಟಿಸಿ ಬಿಟ್ಟು ಬರುವ ಕ್ರಮ ಅದು. ಚಪ್ಪಲಿಯನ್ನೂ ಮೆಟ್ಟದೆ ಕೆಳಗಿಳಿದರು. ನಾನು ಹಿಂದೆ ಓಡಿದೆ.

"ಯಾರ್ ವೀಡುಪ್ಪಾ?" ಎಂದರು, ಯಾರ ಮನೆಯಪ್ಪಾ ಎಂದು.

ಏಳುಮಲೈ ತಬ್ಬಿಬ್ಬಾದ. "ವೀಡಾ? ನೀಂಗ ಸಾಕ್ಕು ತಾನೇಮ್ಮಾ ಕೇಟ್ಟೀಂಗ?" ಚೀಲ ತಾನೇ ನೀವು ಕೇಳಿದ್ದು. ಭಾವನ ತರಕಾರಿ ವ್ಯಾನಿನಲ್ಲಿ ತಾನೇ ಹೋಗಿ, ಮೀನಿನ ವಾಸನೆಗೆ ನಾಯಿಗಳು ಸೇರುವ ಕಡೆ ಬೇಡವೆಂದು ಈರುಳ್ಳಿ ಮಂಡಿಯ ಸಾಲಿನಲ್ಲಿ ಬಿಟ್ಟು ಬಂದಿದ್ದ. ಖಾಲಿ ಚೀಲ ಪಕ್ಕದಲ್ಲೇ ಮಡಚಿಟ್ಟಿತ್ತು. ಅತ್ತೆ ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ತಮ್ಮ ಬಾಯನ್ನು ತಾವೇ ಬೆರಳಿಂದ ಮುಟ್ಟಿಕೊಂಡರು. ಅರ್ಥವಾಗಿತ್ತು.

"ನಡೆಯೋ" ಎಂದರು ನನಗೆ. ಏಳುಮಲೈಗೆ, "ನೀಯುಂ ವಾ." ಗೇಟು ಯಾರು ನೋಡುತ್ತಾರೆ ಎಂದು ಅವನು ಹಿಂಜರಿಯುತ್ತಿದ್ದಾಗ ಅಪ್ಪ ಮೆಟ್ಟಿಲಿಳಿದು ಬಂದರು. ಪಂಚೆ ಎತ್ತಿಕಟ್ಟಿ ವಾಚ್‌ಮನ್ನನ ಸ್ಟೂಲಿನ ಮೇಲೆ ಕೂತು, "ಸಾಕು ಅಂದದ್ದು ನಾನಲ್ವೇ. ಗೇಟು ನಾನು ನೋಡ್ಕೋತೀನಿ, ಹೋಗಿ" ಎಂದರು. ರೈಲ್ವೆಯಲ್ಲಿ ಅಷ್ಟು ವರ್ಷ ದುಡಿದವರು, ಹಸಿರು ಬಾವುಟ ಒಂದಿಲ್ಲ, ಅಷ್ಟೇ.

ಕೋಯಂಬೇಡು ಮಾರ್ಕೆಟ್ಟು ನೋಡಿದವರಿಗೆ ಗೊತ್ತು. ಅಲ್ಲಿ ಬೆಕ್ಕಿನ ಮರಿ ಹುಡುಕುವುದೆಂದರೆ ಸಮುದ್ರದಲ್ಲಿ ಉಪ್ಪಿನ ಕಲ್ಲು ಹುಡುಕಿದ ಹಾಗೆ. ತಲೆಯ ಮೇಲೆ ಮೂಟೆ, ಕಾಲಡಿಯಲ್ಲಿ ಕೊಳೆತ ಎಲೆ, ಕಿವಿ ತುಂಬ ಕೂಗು. ನನಗಂತೂ ನಾಚಿಕೆಯಾಗುತ್ತಿತ್ತು, ಆಫೀಸಿನವರು ಯಾರಾದರೂ ನೋಡಿದರೆ ಏನು ಹೇಳಲಿ ಎಂದು. ಅತ್ತೆ ಸೆರಗಿನಿಂದ ಡಬ್ಬಿ ಮುಚ್ಚಳ, ಚಮಚ ತೆಗೆದರು. ಅದನ್ನು ಯಾವಾಗ ತಂದರೋ ನಾನು ನೋಡಿರಲಿಲ್ಲ. ಟಣ್ ಟಣ್. "ಬಾರೋ ಮರೀ."

ಮೂಟೆ ಹೊರುತ್ತಿದ್ದವನೊಬ್ಬ, "ಎನ್ನ ಪಾಟ್ಟಿ, ಕಡೈ ಪೋಡಪ್ಪೋರೀಂಗಳಾ?" ಎಂದ. ಅಜ್ಜಿ ಅಂಗಡಿ ಹಾಕ್ತಾರಾ ಎಂದು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಬಡಿಯುವುದನ್ನು ನಿಲ್ಲಿಸಲೂ ಇಲ್ಲ. ಒಂದು ಸಾಲು ಮುಗಿಸಿ ಇನ್ನೊಂದು ಸಾಲು. ಏಳುಮಲೈ ಆ ಖಾಲಿ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಪ್ರತಿ ಮೂಟೆಯ ಸಂದಿಗೂ ಬಗ್ಗಿ ನೋಡುತ್ತಿದ್ದ. ಅತ್ತೆಯ ದನಿ ಒಡೆಯುತ್ತ ಬಂತು. ನನಗೆ ಏನನ್ನಿಸಿತೋ, ಮುಚ್ಚಳ ನಾನು ತೆಗೆದುಕೊಂಡೆ. ಕತ್ತಿನ ಟೈ ಸಡಿಲಿಸುವವನ ಹಾಗೆ ಮರ್ಯಾದೆಯನ್ನು ಒಂದಿಷ್ಟು ಸಡಿಲಿಸಿ, "ಬಾರೋ ಮರೀ" ಎಂದು ನಾನೂ ಕೂಗಿದೆ.

ಈರುಳ್ಳಿ ಮೂಟೆಗಳ ಅಟ್ಟಿಯ ಹಿಂದಿನಿಂದ ಒಂದು "ಮ್ಯಾ" ಬಂತು. ಮಡಚಿದ ಕಿವಿ ಕಾಣಿಸಿತು. ಅಷ್ಟು ಜನ ತಮಿಳಿನಲ್ಲಿ ಕೂಗುವ ಜಾಗದಲ್ಲಿ ಕನ್ನಡಕ್ಕೆ ಓಗೊಟ್ಟದ್ದು ಅದೊಂದೇ. ಅಂದಿನ ನನ್ನ ಹೆಮ್ಮೆಯನ್ನು ಏನು ಹೇಳಲಿ, ಬೇರೆ ಯಾವ ರಾಜ್ಯೋತ್ಸವದಲ್ಲೂ ನಾನು ಅಷ್ಟು ಉಬ್ಬಿದ್ದಿಲ್ಲ.

ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡ ಅತ್ತೆ ಏಳುಮಲೈಯ ಮುಂದೆ ಕೈ ಚಾಚಿದರು. "ಸಾಕ್ಕು ಕುಡು." ಒತ್ತಕ್ಷರ ಸ್ಪಷ್ಟವಾಗಿತ್ತು. ಅವನು ಕೊಟ್ಟ. "ಇದು ನಮ್ಮನೇಲೇ ಇರ್ಲಿ. ಇನ್ಯಾರನ್ನೂ ಇದರಲ್ಲಿ ತುಂಬೋದು ಬೇಡ" ಎಂದರು. ನಾನು ಮೊನ್ನೆ ಅಟ್ಟದಿಂದ ಎಳೆದ ಗೋಣಿ ಅದೇ.

ಆಮೇಲೆ ಅತ್ತೆ ಬಾಯಿಮಾತಿನ ಸಂಬಂಧವನ್ನು ನಂಬಲಿಲ್ಲ. ಮನೆ ಸಿಗುವ ತನಕ ಮರಿ ಬಾಲ್ಕನಿಯಲ್ಲಿ, ಅಪ್ಪ ನಡುಮನೆಯ ಕಿಟಕಿಯ ಹತ್ತಿರ, ನಡುವೆ ಮುಚ್ಚಿದ ಬಾಗಿಲು. ಕೇಳಿ ಬಂದ ಮನೆಗಳಿಗೆಲ್ಲ ನನ್ನನ್ನು ಕರೆದುಕೊಂಡು ಹೋದರು. ಒಂದು ಮನೆ ನಮ್ಮವರದೇ, ಮಡಿಯವರು, ಅತ್ತೆಯ ಸ್ನೇಹಿತೆಯ ಸೊಸೆ. ನಾಲ್ಕನೇ ಮಹಡಿ, ಗ್ರಿಲ್ಲಿಲ್ಲದ ಬಾಲ್ಕನಿ. ಅತ್ತೆ ಬಗ್ಗಿ ಕೆಳಗೆ ನೋಡಿದರು. "ಏಕಾದಶಿ ದಿನ ಇದಕ್ಕೇನು ಹಾಕ್ತೀರಿ?" ಎಂದು ಕೇಳಿದರು.

"ಏಕಾದಶಿ ಅಂದ್ಮೇಲೆ ಎಲ್ಲರಿಗೂ ಏಕಾದಶಿನೇ ಅಲ್ವಾ" ಎಂದು ಅವರು ನಕ್ಕರು.

ಅತ್ತೆಯೂ ನಕ್ಕರು. ಕೊಟ್ಟ ಕುಂಕುಮ ತೆಗೆದುಕೊಂಡು ಮೆಟ್ಟಿಲಿಳಿದು, "ಇಲ್ಲಿ ಬೇಡ" ಎಂದರು.

ಕೊನೆಗೆ ಬೆಸೆಂಟ್ ನಗರದ ಒಂದು ಮನೆ. ಸ್ಟೆಲ್ಲಾ ಟೀಚರ್ ಅಂತ, ನನ್ನ ಮಗಳಿಗೆ ಪಾಠ ಹೇಳುತ್ತಿದ್ದವರ ಅಕ್ಕ. ನೆಲಮಹಡಿಯ ಮನೆ, ಕಿಟಕಿಗಳಿಗೆ ಜಾಲರಿ, ನಾಯಿಯಿಲ್ಲ. ಅಡುಗೆಮನೆಯಿಂದ ಮೀನಿನ ಸಾರಿನ ವಾಸನೆ ಬರುತ್ತಿತ್ತು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಯಾರ ಮನೆಯಲ್ಲೂ ನೀರು ಮುಟ್ಟದ ಹೆಂಗಸು. ಅವರು ಮೂಗು ಮುಚ್ಚಲಿಲ್ಲ. ಮರಿಯ ಕಡೆ ಬಗ್ಗಿ, "ನೋಡಪ್ಪಾ, ನಿನ್ನ ಊಟ" ಎಂದರು.

ಅತ್ತೆ ಕೇಳಿದ್ದಕ್ಕೆಲ್ಲ ಟೀಚರ್ ಉತ್ತರ ಹೇಳಿ, ತಾವೇ ಪ್ರಶ್ನೆ ಶುರುಮಾಡಿದರು. ಊಸಿ ಪೋಟ್ಟಾಚ್ಚಾ, ಅಂದರೆ ಚುಚ್ಚುಮದ್ದು ಹಾಕಿಸಿದ್ದೀರಾ? ಹುಳದ ಔಷಧ? ತಾನಾಗಿ ತಿನ್ನುತ್ತದೆಯೇ? ದೊಡ್ಡದಾದ ಮೇಲೆ ಆಪರೇಶನ್ ಮಾಡಿಸುತ್ತೇನೆ, ನಿಮ್ಮ ಅಭ್ಯಂತರವಿಲ್ಲ ತಾನೇ? ಅತ್ತೆ ಚುಚ್ಚುಮದ್ದು ಹಾಕಿಸಿರಲಿಲ್ಲ. ಹೊರಗೆ ಬಂದು ನನಗೆ ಹೇಳಿದರು: "ಇದೇ ಮನೆ ಕಣೋ. ಹೆಣ್ಣಿನ ಕಡೆಯವರನ್ನ ತಿರುಗಿ ಪ್ರಶ್ನೆ ಕೇಳೋರು ನೋಡ್ಕೋತಾರೆ."

ಡಾಕ್ಟರಿಗೆ ತೋರಿಸಿ, ಚುಚ್ಚುಮದ್ದು ಹಾಕಿಸಿ, ಮತ್ತೊಂದು ಭಾನುವಾರ ಕೊಟ್ಟೆವು. ಹೂವಿನ ಬೆತ್ತದ ಬುಟ್ಟಿಯಲ್ಲಿ, ಅದು ಮಲಗುತ್ತಿದ್ದ ಹಳೆಯ ಸೀರೆಯ ತುಂಡಿನ ಸಮೇತ. ಆ ತುಂಡನ್ನು ಒಗೆಯಬೇಡಿ, ಅದರಲ್ಲಿ ನಮ್ಮ ಮನೆಯ ವಾಸನೆ ಇದೆ. ಮೊದಲು ಒಂದೇ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಮನೆ ಗೊತ್ತಾಗಲಿ, ಎಂದು ಅತ್ತೆ ತಮಿಳಿನಲ್ಲಿ ಹೇಳಿದರು. ಒಂದೂ ಕನ್ನಡ ನುಸುಳದ ಹಾಗೆ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ. ಕೊನೆಗೆ, "ಪಿಡಿಕ್ಕಲೇನ್ನಾ ತಿರುಪ್ಪಿ ಕುಡುಂಗೊ. ವಿಟ್ಟುಡಾದೀಂಗೊ" ಎಂದರು. ಆಗದಿದ್ದರೆ ವಾಪಸ್ ಕೊಡಿ, ಬಿಟ್ಟುಬಿಡಬೇಡಿ.

ಅಲ್ಲಿಗೆ ಅವರ ತಮಿಳು ಮುಗಿಯಿತು. ಮರಿ ಮಂಚದ ಕೆಳಗೆ ಸೇರಿ ಎಷ್ಟು ಕರೆದರೂ ಬರಲಿಲ್ಲ. ಟೀಚರ್ "ವಾ ವಾ" ಎಂದರು, ಕದಲಲಿಲ್ಲ. ಅತ್ತೆ ಮುಚ್ಚಳವನ್ನೂ ಚಮಚವನ್ನೂ ಟೀಚರ್ ಕೈಗೆ ಕೊಟ್ಟು, ಹೀಗೆ ಹೇಳಿ ಎಂದರು. "ಬಾರೋ ಮರೀ" ಎಂದರು ಟೀಚರ್, ತಮಿಳು ನಾಲಿಗೆಯಲ್ಲಿ ರಕಾರ ಉರುಳಿಸಿ. ಮಡಚಿದ ಕಿವಿ ಹೊರಗೆ ಬಂತು. ನಾವು ಹೊರಡುವ ಹೊತ್ತು ಅದೇ.

ಬಾಗಿಲಲ್ಲಿ ನಾನು ಗೋಣಿಯ ಕತೆ ಹೇಳಿದೆ. ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸಾಕು ಎಂದರೆ ಏನು ಎಂದು ಕೇಳಿದರು. ಅತ್ತೆ ಎರಡು ಅರ್ಥವನ್ನೂ ಹೇಳಿದರು. "ಅಪ್ಪೊ ಅದುದಾನ್ ಪೇರು" ಎಂದರು ಟೀಚರ್. ಹಾಗೆ ಹೆಸರು ಬಂತು. ಅತ್ತೆ ಆ ಮನೆಯಲ್ಲಿ ಒಂದು ಲೋಟ ನೀರು ಕೇಳಿ ಕುಡಿದರು. ನಾನು ನೋಡದವನ ಹಾಗೆ ನಿಂತಿದ್ದೆ.

ಸಾಕು ಬಹಳ ಕಾಲ ಬಾಳಿತು. ಅಪ್ಪ ಪ್ರತಿ ಸಲವೂ ಫೋನಿನಲ್ಲಿ "ನಮ್ಮ ಹುಡುಗ ಹೇಗಿದಾನೆ?" ಎಂದು ಟೀಚರನ್ನು ಕೇಳುತ್ತಿದ್ದರು. ಈಗ ಅಪ್ಪ ಇಲ್ಲ, ಅತ್ತೆ ಇಲ್ಲ, ಸಾಕು ಇಲ್ಲ. ಗೋಣಿ ಇದೆ.

"ಸಾರ್?" ಎಂದರು ಬಾಗಿಲಲ್ಲಿ ಸೆಕ್ರೆಟರಿ.

ಗೋಣಿಯನ್ನು ಮಡಚಿ ಅಟ್ಟದ ಮೂಲೆಗೇ ತಳ್ಳಿ ಸ್ಟೂಲಿನಿಂದ ಇಳಿದೆ. "ಸಾಕ್ಕು ಇಲ್ಲಪ್ಪಾ" ಎಂದೆ. ಇರುವುದನ್ನು ಇಲ್ಲವೆಂದದ್ದಕ್ಕೆ ಅತ್ತೆ ಬೈಯುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ, ಒಂದು ಚಮಚ ತಂದೆ. ಚಪ್ಪಲಿ ಮೆಟ್ಟಿಕೊಂಡು, ಯಾವ ಶೆಡ್ಡಿನ ಹಿಂದೆ, ತೋರಿಸಿ ಎಂದೆ. ಸಾರ್ ಎಲ್ಲಿ ಬಿಡ್ತೀರಿ ಎಂದು ಅವರು ತಮಿಳಿನಲ್ಲಿ ಕೇಳಿದರು.

"ಬಿಡೋದಲ್ಲ" ಎಂದೆ. ಕನ್ನಡದಲ್ಲೇ ಬಂತು.