ತುಟ್ಟಿ ಗುಳಿಗೆಯ ಡಬ್ಬಿ

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಿಕೊಂಡು ಬರಲೇಬೇಕು. ಹೋಗದಿದ್ದರೆ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಹೋದವರು ಬಾಳೆಹಣ್ಣು, ಬ್ರೆಡ್ಡು ಮಂಚದ ಮೇಲಿಟ್ಟು ಮೊದಲು ಕೇಳುವುದು ‘ಹ್ಯಾಂಗದೀರಿ’ ಅಂತಲ್ಲ. “ಯಾವ ಡಾಕ್ಟರಿಗೆ ತೋರಿಸೀರಿ? ಗುಳಗಿ ಎಷ್ಟಿಂದ್ರಿ?” ರೇಟು ಹೆಚ್ಚಾದಷ್ಟೂ ಮಗ ಒಳ್ಳೆಯವನು. ಈ ರೂಢಿ ಹಾಕಿದವರ ಬಾಯಾಗ ಮಣ್ಣ ಹಾಕ.

ಹನುಮಸಾಗರದಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ತಂಗಿ. ಬಿಪಿ ಇತ್ತು. ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ, ನಾಲಿಗೆ ತೊದಲಿ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಯಿತು. ಮಗ ಗಂಗಾವತಿಯ ದೊಡ್ಡ ಡಾಕ್ಟರಿಗೆ ತೋರಿಸಿದ. “ಇದು ಎಚ್ಚರಿಕೆ. ಇನ್ನು ಗುಳಿಗೆ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಲಕ್ವಾ ಹೊಡೆಯುತ್ತದೆ” ಎಂದು ಅವರು ತಾಯಿ ಮಗ ಇಬ್ಬರಿಗೂ ಬಿಡಿಸಿ ಹೇಳಿದ್ದರು. ಬರೆದುಕೊಟ್ಟ ಗುಳಿಗೆ ಮಾತ್ರ ಭಾರೀ ತುಟ್ಟಿ. ಮಗ ಮೊದಲ ಸಲ ಅದನ್ನು ಡಬ್ಬಿ ಸಮೇತ ತಂದು, ಬಂದವರ ಕಣ್ಣಿಗೆ ಬೀಳುವ ಹಾಗೆ ಮಂಚದ ತಲೆಬದಿಯ ಗೋಡೆಗೂಡಿನಲ್ಲಿಟ್ಟ.

ಅವನದು ಸಣ್ಣ ಬಟ್ಟೆ ಅಂಗಡಿ. ಲಗ್ನದ ಸೀಜನ್ನಿನಲ್ಲಿ ನಾಲ್ಕು ಕಾಸು, ಉಳಿದ ದಿನ ನೊಣ ಹೊಡೆಯುವುದು. ವ್ಯಾಪಾರ ಆದರೆ ಗುಳಿಗೆ ಬರುತ್ತಿತ್ತು, ಆಗದಿದ್ದರೆ ‘ನಾಳಿ ತರ್ತೀನಿ’ ಬರುತ್ತಿತ್ತು.

ನಾನು ಕುಷ್ಟಗಿಯಲ್ಲಿ ಕನ್ನಡ ಸಾಲಿ ಟೀಚರಾಗಿ ನಿವೃತ್ತಳಾದವಳು. ಊರ ಉಸಾಬರಿ ನನಗೇ ಬೇಕು. ನಮ್ಮ ಓಣಿಯ ಮುದುಕ ಮುದುಕಿಯರ ಚೀಟಿಗಳನ್ನು ಸರಕಾರಿ ದವಾಖಾನೆಯ ಡಾಕ್ಟರಿಗೆ ತೋರಿಸಿ, “ಕಂಪನಿ ಹೆಸರು ಬ್ಯಾಡ್ರಿ, ಔಷಧದ ಹೆಸರು ಬರದುಕೊಡ್ರಿ” ಎಂದು ಬರೆಸಿ, ಕಡಿಮೆ ದರದ ಜೆನೆರಿಕ್ ಅಂಗಡಿಯಲ್ಲಿ ಕೊಂಡುಕೊಡುತ್ತೇನೆ. ಹಾಗೆ ಒಮ್ಮೆ ಅತ್ತೆಯ ಮನೆಗೆ ಹೋದಾಗ, ದಿನಾ ತಗೋತೀಯಿಲ್ಲೋ ಎಂದು ಗದರಿಸಿ ಕೇಳಿದೆ.

“ದಿನ ಬಿಟ್ಟು ದಿನ ತಗೋತೀನವ್ವಾ. ಲಗೂನ ಮುಗುದ್ರ ಮತ್ತ ಅವನ್ನ ಕೇಳಬೇಕಾಗತೈತಿ. ಪಾಪ, ಅಂಗಡ್ಯಾಗ ಗಿರಾಕಿ ಇಲ್ಲ.”

“ಸಾಯಬೇಕಂತ ಮಾಡೀಯೇನು?”

“ಸಾಯೋದೇನ ತಪ್ಪತೈತೇನವ್ವಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಚೀಟಿ ಕಸಿದುಕೊಂಡು ಬಂದು ನಮ್ಮ ಡಾಕ್ಟರಿಗೆ ತೋರಿಸಿದೆ. “ಔಷಧ ಅದೇ, ಪ್ರಮಾಣವೂ ಅದೇ, ಧೈರ್ಯವಾಗಿ ಕೊಡಿ” ಎಂದರು. ಅತ್ತೆಗೆ ಸರಕಾರದಿಂದ ಬರುವ ಮುದುಕರ ಪಗಾರದಲ್ಲೇ ತಿಂಗಳ ಗುಳಿಗೆ ಬಂದು, ಚಹಾಪುಡಿಗೂ ಮಿಕ್ಕುತ್ತಿತ್ತು. ಮಗನ ಹತ್ತಿರ ಕೈಯೊಡ್ಡುವ ಮಾತೇ ಇಲ್ಲ.

ಆದರೆ ಅತ್ತೆಗೆ ಬೇರೆಯದೇ ಚಿಂತೆ. “ಬಂದವರು ನೋಡಿದ್ರ? ಅವ್ವಗ ಸೋವಿ ಗುಳಗಿ ತಿನಸ್ತಾನ ಅಂತಾರ.” ಅದಕ್ಕೂ ತಾನೇ ಉಪಾಯ ಹುಡುಕಿದಳು. ಮಗನಿಗೂ ಹೇಳದೆ, ಗೂಡಿನಲ್ಲಿದ್ದ ತುಟ್ಟಿ ಡಬ್ಬಿಯೊಳಗೆ ಸೋವಿ ಗುಳಿಗೆಯ ಪಟ್ಟಿ ಹಾಕಿಟ್ಟಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಇರಲಿ, ಹೊಟ್ಟೆಗಂತೂ ಬೀಳುತ್ತದಲ್ಲ ಎಂದುಕೊಂಡೆ. ಅವಳು ದಿನಾ ತಪ್ಪದೆ ತಗೊಂಡಳು. ಬಿಪಿ ಹತೋಟಿಗೆ ಬಂತು. ಮತ್ತೆ ರೊಟ್ಟಿ ಬಡಿಯತೊಡಗಿದಳು, ಸೊಸೆಗೆ ಬೈಯತೊಡಗಿದಳು.

ಆಮೇಲೆ ಅವಳಿಗೆ ಜ್ವರ ಬಂದು ಹೋಯಿತು. ಮಾತಾಡಿಸಲು ಯಲಬುರ್ಗಿಯಿಂದ ಬೀಗರು ಬಂದರು, ಅವಳ ಮೊಮ್ಮಗಳನ್ನು ಕೊಟ್ಟ ಮನೆಯವರು. ನಾನೂ ಅಲ್ಲೇ ಇದ್ದೆ. ಬೀಗರ ಕಣ್ಣು ಗೂಡಿನ ಮೇಲೆ ಬಿತ್ತು. “ಇದs ಏನ್ರಿ ಆ ಗಂಗಾವತಿ ಗುಳಗಿ? ನಮ್ಮವ್ವಗೂ ಇದನ್ನ ತರಬೇಕಂತ ಮಾಡೀನಿ” ಎನ್ನುತ್ತ ಡಬ್ಬಿ ಬಿಚ್ಚಿದರು. ಒಳಗಿನ ಪಟ್ಟಿ ತೆಗೆದು ತಿರುವಿ ಮುರುವಿ ನೋಡಿ, “ಇದೇನ್ರೀ ಬೀಗರ! ಮ್ಯಾಲಿಂದs ಒಂದು, ಒಳಗಿಂದs ಒಂದು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅತ್ತೆ ಸೆರಗು ಮುಖಕ್ಕೆ ಒತ್ತಿಕೊಂಡಳು. ಮಗನ ಮುಖ ಕೆಂಪಡರಿತು. ಬೀಗರು ಬಸ್ಸು ಹತ್ತುವ ತನಕ ತಡೆದುಕೊಂಡಿದ್ದವನು ಬಂದವನೇ ಪಟ್ಟಿಗಳನ್ನೆಲ್ಲ ಬಾಚಿ ಗಟಾರಿಗೆ ಎಸೆದ.

“ಅಕ್ಕಾ, ನಾ ಸತ್ತಿನೇನು? ನಮ್ಮವ್ವಗ ಗುಳಗಿ ತರೂದು ನನಗ ಗೊತ್ತಿಲ್ಲೇನು? ಬೀಗರ ಮುಂದ ನನ್ನ ಮಾನ ಹರಾಜ ಹಾಕಿದ್ರಿ!”

“ಔಷಧ ಒಂದೇ ಐತೋ ಮಾರಾಯ! ಬೇಕಂದ್ರ ಡಾಕ್ಟರನ್ನ ಕೇಳು. ಡಬ್ಬಿ ನೋಡಿ ಬಿಪಿ ಇಳಿಯೂದಿಲ್ಲ!”

ನನ್ನದು ಮೊದಲೇ ಬೊಂಬಾಯಿ ಬಾಯಿ. ಇನ್ನೂ ಏನೇನೋ ಅಂದೆ. ಅವನು ಒಂದೂ ಕೇಳಲಿಲ್ಲ. ಆ ಸಂಜೆಯೇ ತುಟ್ಟಿ ಗುಳಿಗೆ ತಂದು, ಅಕ್ಕಪಕ್ಕದವರೆಲ್ಲ ನೋಡುವ ಹಾಗೆ ಅವ್ವನ ಕೈಯಲ್ಲಿಟ್ಟ. ಅದೊಂದು ಸಲ ತಂದ. ಆಮೇಲೆ ಲಗ್ನದ ಸೀಜನ್ನು ಮುಗಿಯಿತು.

ಫೋನು ಮಾಡಿ ಗುಳಿಗೆಯ ಮಾತು ತೆಗೆದರೆ ಅತ್ತೆ, “ಅದಾವು, ಅದಾವು” ಎನ್ನುತ್ತಿದ್ದಳು. ಆ ದನಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ಸೋವಿ ಗುಳಿಗೆ ಹಿಡಿದುಕೊಂಡು ಹೋದೆ. ಅಂಗಡಿಗೆ ಹೋಗಿದ್ದ ಮಗ ಎಲ್ಲಿ ಬಂದಾನೋ ಎಂದು ಬಾಗಿಲು ನೋಡುತ್ತ ಅವಳು ನನ್ನ ಕೈ ಮಡಚಿದಳು.

“ಬ್ಯಾಡವ್ವಾ ನನ್ನವ್ವಾ. ಮತ್ತ ಅವನ ಮಾನಾ ಹೋಗತೈತಿ.”

“ನಿನ್ನ ಜೀವಾ ಹೋದ್ರ?”

“ನಂದೇನು, ಉಂಡ ಜೀವ. ಅವ ನಾಕ ಮಂದ್ಯಾಗ ತಲಿ ಎತ್ತಿ ಅಡ್ಡಾಡಬೇಕು.”

ಕಾಲು ಹಿಡಿಯುವುದೊಂದು ಬಾಕಿ. ಅದನ್ನೂ ಹಿಡಿದೆ. ಅವಳು ಗುಳಿಗೆ ಮುಟ್ಟಲಿಲ್ಲ.

ಹಿಟ್ಟು ನಾದುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಲಕ್ವಾ. ಎಡಗೈ, ಎಡಗಾಲು ಹೋದವು. ಮಾತೂ ಹೋಯಿತು. ನಾನು ಓಡಿಹೋಗುವ ಹೊತ್ತಿಗೆ ಕೊಪ್ಪಳದ ಆಸ್ಪತ್ರೆಯಲ್ಲಿ ಮಂಚದ ಸುತ್ತ ಜನ ನೆರೆದಿದ್ದರು, ಬಾಳೆಹಣ್ಣು ರಾಶಿ ಬಿದ್ದಿತ್ತು. ಒಬ್ಬರಲ್ಲ ಒಬ್ಬರು ‘ಎಷ್ಟಿಂದ್ರಿ’ ಅಂತಲೇ ಕೇಳುತ್ತಿದ್ದರು. ಮಗ ಎದೆಯುಬ್ಬಿಸಿ ಇಂಜೆಕ್ಷನ್ನಿನ ರೇಟು ಹೇಳುತ್ತಿದ್ದ. “ಮನಿ ಮಾರೇರ ತೋರಸ್ತೀನ್ರಿ. ಅವ್ವಗಿಂತ ಹೆಚ್ಚಿಂದೇನೈತಿ?”

ನನ್ನ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರು ಅವನ ನೀರಿಳಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೇವೂರಿನಿಂದ ಬಂದ ಮುದುಕಿಯೊಬ್ಬಳು ಅತ್ತೆಯ ಕೈ ಸವರುತ್ತ, “ಎಂಥಾ ಮಗನ್ನ ಹಡದೀಯವ್ವಾ! ಪುಣ್ಯಾ ಮಾಡಿದ್ದಿ” ಎಂದಳು.

ಅತ್ತೆಗೆ ಅದು ತಿಳಿಯಿತು. ಮಗನ ಕಡೆ ಕಣ್ಣು ಹೊರಳಿಸಿ, ಇನ್ನೂ ಅಲುಗಾಡುತ್ತಿದ್ದ ಆ ಅರ್ಧ ಮುಖದಿಂದ ಹೆಮ್ಮೆಯಾಗಿ ನಕ್ಕಳು.