ನಾಲ್ಕು ಬೆರಳಗಲದ ಗಂಡ

ವಿದ್ಯಾರ್ಥಿಗಳು ಅವಳಿಗೆ ಕಲ್ಲಮ್ಮ ಎಂದು ಹೆಸರಿಟ್ಟಿದ್ದರು. ಪ್ರಾಚೀನ ರೋಮಿನ ಹೆಂಗಸರ ಗೋರಿಕಲ್ಲುಗಳನ್ನು ಓದುವುದು ಅವಳ ಕಸುಬು. ಮೂವತ್ತೊಂದು ವರ್ಷ ಅದನ್ನೇ ಓದಿ, ಅದನ್ನೇ ಪಾಠ ಮಾಡಿ, ಇನ್ನು ಮೂರು ತಿಂಗಳಿಗೆ ನಿವೃತ್ತಿ. ಅವಳ ಮುಖದಲ್ಲಿ ನಗು ಕಂಡವರೂ ಕಡಿಮೆ, ಹಾಗಾಗಿ ಆ ಹೆಸರು ಇನ್ನಷ್ಟು ಗಟ್ಟಿಯಾಗಿ ಅಂಟಿತ್ತು.

ನಗು ಬರುವುದಾದರೂ ಹೇಗೆ? ಅವಳು ಓದಬೇಕಾಗಿ ಬಂದ ದಪ್ಪ ಪುಸ್ತಕಗಳಲ್ಲಿ ಹೆಂಗಸರು ಎಂದರೆ ಚಕ್ರವರ್ತಿಗಳ ಹೆಂಡಿರು. ಯಾರು ಯಾರಿಗೆ ವಿಷ ಹಾಕಿದಳು, ಯಾರು ಯಾರ ಹಾಸಿಗೆಗೆ ಹೋದಳು, ಇಷ್ಟೇ. ಮೀನು ಮಾರಿದವಳು, ಹೆರಿಗೆ ಮಾಡಿಸಿದವಳು, ಬಟ್ಟೆಗೆ ಬಣ್ಣ ಕಟ್ಟಿದವಳು ಯಾರಿಗೂ ಬೇಡ. ವಿಚಾರ ಸಂಕಿರಣಗಳಲ್ಲಿ ಅವಳ ಭಾಷಣ ಊಟದ ನಂತರವೇ. ಮೊದಲ ಸಾಲಿನವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಇನ್ನು ವಿಭಾಗದಲ್ಲಿ ಒಂಬತ್ತು ಗಂಡಸರು, ಇವಳೊಬ್ಬಳು. ಟೀ ಕುಡಿದ ಕಪ್ಪಿನೊಳಗೇ ಸಿಗರೇಟು ಅದ್ದಿ ಆರಿಸಿ, ಅದನ್ನು ಅವಳ ಮೇಜಿನ ತುದಿಯಲ್ಲಿಟ್ಟು ಹೋಗುತ್ತಿದ್ದರು. ಆ ಕಂದು ನೀರು ನೋಡಿದರೆ ಅವಳಿಗೆ ವಾಕರಿಕೆ ಬರುತ್ತಿತ್ತು.

ಆದರೆ ಅವಳು ನಿಜವಾದ ಹೇಸಿಗೆಯನ್ನೆಲ್ಲ ಒಬ್ಬರಿಗಾಗಿ ಎತ್ತಿಟ್ಟಿದ್ದಳು. ಅವರು ಅವಳ ಗುರು, ಎಲ್ಲರ ಬಾಯಲ್ಲೂ ದೊಡ್ಡ ಮೇಷ್ಟ್ರು.

ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳು ದೂರದ ವಸ್ತುಸಂಗ್ರಹಾಲಯವೊಂದರ ನೆಲಮಾಳಿಗೆಯಲ್ಲಿ ಒಂದು ಗೋರಿಕಲ್ಲಿನ ಅಚ್ಚು ತೆಗೆದಿದ್ದಳು. ಒದ್ದೆ ಮಾಡಿದ ದಪ್ಪ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು, ಒಣಗಿದ ಮೇಲೆ ಎಬ್ಬಿಸಿದರೆ ಅಕ್ಷರಗಳೆಲ್ಲ ಕಾಗದದಲ್ಲಿ ಮೂಡಿರುತ್ತವೆ. ಆ ಕಲ್ಲಿನ ಮೇಲೆ ಒಬ್ಬ ಹೆಂಗಸಿನ ಹೆಸರು, ಕೆಳಗೆ ಕೆತ್ತಿದ ವೈದ್ಯಕೀಯ ಉಪಕರಣಗಳು, ನಡುವೆ ಒಂದು ಚೂರು ಒಡೆದುಹೋಗಿತ್ತು. ಕಲ್ಲನ್ನು ಬರೀ ಫೋಟೋದಲ್ಲಿ ನೋಡಿದ್ದ ದೊಡ್ಡ ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಆ ಹೆಂಗಸನ್ನು ಇಂಥವನೆಂಬ ವೈದ್ಯನ ಹೆಂಡತಿ ಎಂದಿದ್ದರು. ಹುಡುಗಿ ಒಡೆದ ಜಾಗದ ಮೇಲೆ ಬೆರಳಿಟ್ಟು ಅಳೆದಳು. ಸರಿಯಾಗಿ ನಾಲ್ಕು ಬೆರಳು. ಅಷ್ಟರಲ್ಲಿ ವೈದ್ಯೆ ಎಂಬ ಒಂದು ಮಾತು ಹಿಡಿಸೀತು. ಗಂಡ, ಗಂಡನ ಹೆಸರು, ಗಂಡನ ಕಸುಬು ಎಲ್ಲ ಹಿಡಿಸಬೇಕಾದರೆ ಕಲ್ಲನ್ನೇ ಜಗ್ಗಿ ಉದ್ದ ಮಾಡಬೇಕಿತ್ತು.

ಊರಿಗೆ ಬಂದವಳೇ ಅಚ್ಚನ್ನು ಮೇಷ್ಟ್ರ ಮೇಜಿನ ಮೇಲೆ ಹರಡಿದಳು. ಅವರು ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಕಾಗದದ ಕಡೆ ಕಣ್ಣೂ ಹಾಯಿಸಲಿಲ್ಲ.

"ಗುರುಗಳ ತಪ್ಪು ಹುಡುಕ್ತಾ ಕೂತ್ರೆ ಡಿಗ್ರಿ ತಗೊಳ್ಳೋದು ಯಾವಾಗಮ್ಮ?" ಎಂದರು.

ಅವಳು ಕಾಗದ ಸುತ್ತಿಕೊಂಡು ಬಾಯಿ ಮುಚ್ಚಿಕೊಂಡಳು. ಥೀಸಿಸ್ ಮುಗಿಯಿತು, ಡಿಗ್ರಿ ಬಂತು, ಕೆಲಸವೂ ಬಂತು. ವೈದ್ಯನ ಹೆಂಡತಿ ಪಠ್ಯಪುಸ್ತಕಕ್ಕೆ ಹೋದಳು, ಅಲ್ಲಿಂದ ಪ್ರಶ್ನೆಪತ್ರಿಕೆಗೆ. ವರ್ಷ ವರ್ಷವೂ ಆ ಉತ್ತರಕ್ಕೆ ಎರಡು ಅಂಕ ಕೊಡಬೇಕಾದವಳೂ ಇವಳೇ. ಪ್ರತಿ ಸಲವೂ ಹಲ್ಲು ಕಚ್ಚಿ ಮೇಷ್ಟ್ರಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದಳು.

ಈಗ ಮೇಷ್ಟ್ರ ಆ ಪುಸ್ತಕ ಮರುಮುದ್ರಣವಾಗುತ್ತಿತ್ತು. ಮುನ್ನುಡಿ ಬರೆಯಲು ಪ್ರಕಾಶಕರು ಅವಳನ್ನೇ ಕೇಳಿದರು. ಈಗ ಬಿಟ್ಟರೆ ಆ ವೈದ್ಯೆ ಕೊನೆಯವರೆಗೂ ಯಾರದೋ ಹೆಂಡತಿಯಾಗಿಯೇ ಉಳಿಯುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಮೇಷ್ಟ್ರ ಬಣ್ಣ ಬಯಲು ಮಾಡುವುದೆಂದು ಸೊಂಟ ಕಟ್ಟಿದಳು. ಮನೆಯಲ್ಲಿ ಅವಳ ಜೊತೆಗಿದ್ದ ತಂಗಿ, ಹೊಲಿಗೆ ಅಂಗಡಿಯವಳು, ಒಂದೇ ಮಾತು ಹೇಳಿದಳು: "ಅಕ್ಕಾ, ಬರೆಯೋಕೆ ಮುಂಚೆ ಅವರ ಎದುರಿಗೇ ಹೇಳಿ ಬಾ. ಬೆನ್ನ ಹಿಂದೆ ಆಡೋದು ಬೇಡ."

ಮೇಷ್ಟ್ರಿಗೆ ಎಂಬತ್ತಾರು. ಕೋಣೆಯಲ್ಲಿ ಮುಲಾಮಿನ ವಾಸನೆ, ಮಂಚದ ಪಕ್ಕದ ಲೋಟದಲ್ಲಿ ಹಲ್ಲಿನ ಸೆಟ್ಟು. ಅವಳು ಅಚ್ಚು ಬಿಚ್ಚಿ, ಮೂವತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಕಕ್ಕಿದಳು. ಅವರು ಹಲ್ಲು ಹಾಕಿಕೊಂಡು, ಕಪಾಟಿನಿಂದ ತಮ್ಮ ಹಳೆಯ ಪುಸ್ತಕ ತೆಗೆಸಿ, ಪುಟ ತೋರಿಸಿದರು. ವೈದ್ಯನ ಹೆಂಡತಿ ಎಂಬುದರ ಎರಡೂ ಬದಿಗೆ ಚೌಕ ಆವರಣ ಇತ್ತು. ಕಲ್ಲಿನಲ್ಲಿ ಇಲ್ಲದ್ದನ್ನು ಊಹಿಸಿ ತುಂಬಿದರೆ ಹಾಗೆ ಗುರುತು ಮಾಡಬೇಕು. ಈ ಕಸುಬಿನ ಮೊದಲ ಪಾಠವೇ ಅದು.

"ನಾನು ಊಹೆ ಅಂತಲೇ ಬರೆದಿದ್ದೆ," ಎಂದರು. "ನಿನ್ನ ಥೀಸಿಸ್ಸಲ್ಲಿ ಆ ಗುರುತು ಎಲ್ಲಿದೆ? ಕಲ್ಲು ಕಣ್ಣಾರೆ ಕಂಡವಳು ಅಂತ ಎಲ್ಲಾ ನಿನ್ನಿಂದ ತಗೊಂಡ್ರು. ನೀನೇ ಹಾಗೆ ಬರೆದ ಮೇಲೆ ನಾನೂ ನಂಬಿದೆ."

ಥೀಸಿಸ್ ತೆಗೆದು ನೋಡಬೇಕಾಗಿರಲಿಲ್ಲ. ಟೈಪ್ ಮಾಡಿಸುವಾಗ ಆವರಣವನ್ನು ತೆಗೆದುಹಾಕಿದ್ದು ಅವಳೇ. ಊಹೆಯನ್ನು ಸತ್ಯ ಮಾಡಿಕೊಟ್ಟರೆ ಮೇಷ್ಟ್ರು ಖುಷಿಯಾಗಿ ಬೇಗ ಸಹಿ ಹಾಕುತ್ತಾರೆ ಎಂದು. ಅವರು ಹಾಕಿದ್ದರು ಕೂಡ. ಅದನ್ನು ಅವಳು ಎಷ್ಟು ಚೆನ್ನಾಗಿ ಮರೆತಿದ್ದಳು ಎಂದರೆ, ಈಗ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಕಪ್ಪಿನ ಕಂದು ನೀರಿಗೂ ಅಷ್ಟು ಅಸಹ್ಯಪಟ್ಟಿರಲಿಲ್ಲ.

ಅಲ್ಲೇ ಕೂತು ಮುನ್ನುಡಿಯ ಮೊದಲ ವಾಕ್ಯ ಬರೆದಳು: "ತನ್ನ ಕಸುಬಿನಿಂದ ಬದುಕಿದ ಒಬ್ಬ ವೈದ್ಯೆಗೆ, ನನ್ನ ಡಿಗ್ರಿಯ ಆಸೆಗೆ ಬಿದ್ದು, ಇಲ್ಲದ ಗಂಡನನ್ನು ಕಟ್ಟಿದವಳು ನಾನು."

ಮೇಷ್ಟ್ರು ಕಾಗದವನ್ನು ಕಣ್ಣ ಹತ್ತಿರ ಹಿಡಿದು ಎರಡು ಸಲ ಓದಿದರು.

"ಇದರಲ್ಲಿ ನನ್ನ ಹೆಸರೇ ಇಲ್ವಲ್ಲಮ್ಮ?"

"ಇದು ನನ್ನ ತಪ್ಪು ಸರ್," ಎಂದಳು. "ನಿಮ್ಮದು ಎರಡನೇ ವಾಕ್ಯದಲ್ಲಿ ಬರುತ್ತೆ."