ಮಾಲೆಯಿಂದ ಕೊಲಂಬೋಗೆ ಎಷ್ಟು ತಾಸು?

ಹೈದರಾಬಾದಿನಿಂದ ಹೊರಟ ಬೆಳಿಗ್ಗೆ ನನ್ನ ಕೈಚೀಲದಲ್ಲಿ ಎರಡು ಟಿಕೆಟ್‌ಗಳಿದ್ದವು. ಒಂದು ನನ್ನದು. ಇನ್ನೊಂದು ತಮ್ಮ ಶ್ರೀಧರನ ಕೊನೆಯ ಪ್ರಯಾಣದ್ದು.

ಶ್ರೀಧರ ಮಾಲ್ಡೀವ್ಸಿನ ಹೋಟೆಲೊಂದರಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ಎದೆನೋವು ಬಂದಾಗ ಜೊತೆಗೆ ಕೆಲಸ ಮಾಡುವ ಕಲಬುರಗಿಯ ಬಸವರಾಜ ಅವನನ್ನು ದೊಡ್ಡ ಆಸ್ಪತ್ರೆಗೆಂದು ಅಲ್ಲಿನ ರಾಜಧಾನಿ ಮಾಲೆಯಿಂದ ಕೊಲಂಬೋಗೆ ವಿಮಾನದಲ್ಲಿ ಕರೆದೊಯ್ದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ತಿಥಿ ಗೊತ್ತುಮಾಡಲು ನಾರಾಯಣಗೂಡದ ನಮ್ಮ ಆಚಾರ್ಯರು ಜೀವ ಹೋದ ಹೊತ್ತು ಕೇಳಿದರು. ಅವನ ಟಿಕೆಟ್ ತೆಗೆದಾಗ ಕಣ್ಣಿಗೆ ಬಿತ್ತು: ಮಾಲೆ ಬಿಟ್ಟಿದ್ದು ಒಂದಕ್ಕೆ, ಕೊಲಂಬೋ ಮುಟ್ಟಿದ್ದು ಮೂರಕ್ಕೆ. ಎರಡು ತಾಸು. ಕೊಲಂಬೋದಿಂದ ಮಾಲೆಗೆ ಹೋಗುವ ವಿಮಾನ ಮಾತ್ರ ವೇಳಾಪಟ್ಟಿಯಲ್ಲಿ ಹತ್ತಕ್ಕೆ ಬಿಟ್ಟು ಹನ್ನೊಂದಕ್ಕೆ ಮುಟ್ಟುತ್ತದೆ, ಒಂದೇ ತಾಸು. ನಡುವಿನ ಸಮುದ್ರ ಸುಮಾರು ಏಳುನೂರೆಪ್ಪತ್ತು ಕಿಲೋಮೀಟರು, ಎರಡೂ ಕಡೆಯಿಂದ ಅಷ್ಟೇ. ಹಾಗಾದರೆ ಆ ಒಂದು ತಾಸು ಅವನನ್ನು ಎಲ್ಲಿ ಕೂಡಿಸಿದ್ದರು?

ಬಸವರಾಜನಿಗೆ ಫೋನ್ ಮಾಡಿ ಅದನ್ನೇ ಕೇಳಿದ್ದೆ. "ಎಲ್ಲೂ ಕೂಡ್ಸಿಲ್ರಿ ಅಕ್ಕಾರ, ಸೀದಾ ಹತ್ತಿದ್ವಿ" ಎಂದ. ನಾನು ನಂಬಲಿಲ್ಲ. ಬೈದು ಫೋನ್ ಇಟ್ಟೆ. ಎದುರಿಗೇ ಕೇಳಬೇಕೆಂದು ಹೊರಟೆ.

"ಪೊಲೀಸರ ಗತೆ ಹೊಂಟೀಯಲ್ಲ" ಎಂದರು ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ನನ್ನ ಯಜಮಾನರು. "ಅವನ ಕೊರಳಪಟ್ಟಿ ಹಿಡೀಬ್ಯಾಡ ಮತ್ತ."

ಕೊಲಂಬೋ ಎರಡು ತಾಸಿನ ದಾರಿ. ಅಲ್ಲಿ ವಿಮಾನ ಬದಲಿಸಬೇಕಿತ್ತು. ಅಂಗಡಿಯ ತಿಂಡಿಗಳಲ್ಲಿ ಮೀನು ಇದ್ದೀತೆಂದು ಯಾವುದನ್ನೂ ಮುಟ್ಟದೆ, ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದೆ. ಮಾಲೆಯ ವಿಮಾನ ಹತ್ತಕ್ಕೆ ಸರಿಯಾಗಿ ಹೊರಟಿತು. ಕೈಗಡಿಯಾರದ ಮೇಲೆಯೇ ಕಣ್ಣಿಟ್ಟಿದ್ದೆ. ಹನ್ನೊಂದಾಯಿತು, ಕೆಳಗೆ ಇನ್ನೂ ನೀರೇ. ಇಳಿದಾಗ ಹನ್ನೊಂದೂವರೆ. ನನಗೆ ಒಳಗೊಳಗೇ ಸಮಾಧಾನ: ಇವರು ತಡಮಾಡುವವರೇ.

ಆ ವಿಮಾನ ನಿಲ್ದಾಣವೇ ಒಂದು ನಡುಗಡ್ಡೆ. ಬಾಗಿಲು ದಾಟಿದರೆ ದೋಣಿಗಳು. ಸುಡುಬಿಸಿಲಿನಲ್ಲಿ ಬಸವರಾಜ ನಿಂತಿದ್ದ.

"ಅರ್ಧ ತಾಸು ತಡ" ಎಂದೆ, ಬಂದವಳೇ.

"ತಡ ಎಲ್ಲೈತ್ರಿ? ಹನ್ನೊಂದಕ್ಕ ಅಂದಿದ್ರು, ಹನ್ನೊಂದಕ್ಕ ಬಂತು."

ಗಡಿಯಾರವನ್ನು ಅವನ ಮುಖಕ್ಕೆ ಹಿಡಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ಅಯ್ಯ, ಇದೇನ್ರಿ ಅಕ್ಕಾರ ನಿಮ್ಮ ಒಂದು ತಾಸು? ಇಲ್ಲಿ ಟೈಮು ಅರ್ಧ ತಾಸು ಹಿಂದ. ಕೊಲಂಬೋ, ಹೈದರಾಬಾದು ಎರಡೂ ಒಂದ. ಹಾರೋದು ಯಾವಾಗ್ಲೂ ಒಂದೂವರೆ ತಾಸ. ಈ ಕಡೆ ಬರಾಕ ಒಂದು ಕಾಣ್ತೈತಿ, ಆ ಕಡೆ ಹೋಗಾಕ ಎರಡು."

"ಫೋನಿನಾಗ ಯಾಕ ಹೇಳಲಿಲ್ಲ?"

"ಯಾವ ತಾಸು ಅಂತ ನನಗ ತಿಳೀಲಿಲ್ರಿ. ಕೇಳೂದ್ರಾಗ ನೀವು ಇಟ್ಟಬಿಟ್ರಿ."

ಕಟ್ಟೆಯ ಮೇಲೆ ಕುಳಿತೆ. ಬೆರಳ ಮೇಲೆ ಎರಡು ಸಲ ಲೆಕ್ಕ ಹಾಕಿದೆ. ಸರಿಯಾಗಿತ್ತು. ಕೇಳಬೇಕೆಂದು ತಂದಿದ್ದ ಪ್ರಶ್ನೆಗಳೆಲ್ಲ ಮುಗಿದಿದ್ದವು. ಉಳಿದದ್ದು ಒಂದೇ.

"ವಿಮಾನದಾಗ ಏನ ಅಂದ ಅವ?"

"ನೀರು ಬೇಡಿದ್ರು, ಕುಡಿಸಿದೆ. ಆಮೇಲೆ ನನ್ನ ಭುಜದ ಮ್ಯಾಲೆ ಮಲಗಿದ್ರು. ಇಳಿಯುವಾಗ ಎಬ್ಬಿಸಿದೆ. 'ಹೈದರಾಬಾದ್ ಬಂತೇನು?' ಅಂದ್ರು." ಬಸವರಾಜ ಸಮುದ್ರದ ಕಡೆ ತಿರುಗಿದ. "ನಾ ಹೂಂ ಅಂದೇರಿ. ಸುಳ್ಳು ಹೇಳಿದೆ."

ಮರುದಿನ ಮಧ್ಯಾಹ್ನ ಒಂದರ ವಿಮಾನದಲ್ಲಿ ಹಿಂದಿರುಗಿದೆ. ಕಿಟಕಿಯಿಂದ ನೋಡುತ್ತಿದ್ದಂತೆ ನಡುಗಡ್ಡೆ ಸಣ್ಣದಾಗಿ ಮರೆಯಾಯಿತು. ಒಂದು ತಾಸು ಕಳೆದುಹೋಗಿದ್ದರೆ ಯಾರನ್ನಾದರೂ ಹಿಡಿದು ಕೇಳಬಹುದಿತ್ತು. ಎಲ್ಲೂ ಏನೂ ಕಳೆದಿರಲಿಲ್ಲ. ತಮ್ಮ ತೀರಿಕೊಂಡ ಮೇಲೆ ನಾನು ಮೊದಲ ಸಲ ಅತ್ತದ್ದು ಆಗ.